ಅಪ್ಪಯ್ಯನ ಹೆಸರಿನ ಡಬ್ಬಿ

ಜುಲೈ ಎರಡನೆಯ ವಾರ ಎಣಿಸಲು ಶುರು ಮಾಡಿದೆ. ಅಪ್ಪಯ್ಯ ದಿನಕ್ಕೆ ಐದು ಸಲ ಪಾಯಿಖಾನೆಗೆ ಹೋಗುತ್ತಿದ್ದರು. ಹೋಗಿ ಬಂದರೂ ಪೂರ್ತಿ ಆಗಲಿಲ್ಲ ಎನ್ನುತ್ತಿದ್ದರು. ತೂಕ ಇಳಿದಿತ್ತು. ಒಂದು ವಾರಕ್ಕೆ ನನ್ನ ದಿನಚರಿಯಲ್ಲಿ ಮೂವತ್ತಾರು ಗೀಟುಗಳಾದವು.

ನಾನು ಬ್ರಹ್ಮಾವರದ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಇದೆಯೇ ಎಂದು ನೋಡುವ ಟೆಸ್ಟಿನ ಡಬ್ಬಿಯೊಂದನ್ನು ಬೀಜಾಡಿಯ ನಮ್ಮ ಮನೆಗೆ ತಂದೆ. ಅಪ್ಪಯ್ಯನ ಹೆಸರು, ವಯಸ್ಸು ಐವತ್ತೆರಡು ಎಂದು ನಾನೇ ಬರೆದು ಅಂಟಿಸಿದೆ.

"ಎಂತ ಮರಾಯ್ತಿ, ಇದನ್ನ್ ಹೊತ್ಕಂಡ್ ಬಸ್ಸಂಗ್ ಹೋತ್ಯಾ? ಮೀನ್ ಬುಟ್ಟಿಯೇ ವಾಸಿ!" ಎಂದು ಅಪ್ಪಯ್ಯ ನಕ್ಕರು.

ಮರುದಿನ ಬೆಳಿಗ್ಗೆ ಅಮ್ಮ ಡಬ್ಬಿಯನ್ನು ನನ್ನ ಕೈಗಿಟ್ಟರು. ಟೆಸ್ಟ್ ಮಾಡಿದ್ದೂ ನಾನೇ.

ನೆಗೆಟಿವ್.

ಅವತ್ತಿಗೆ ಎಣಿಸುವುದನ್ನು ನಿಲ್ಲಿಸಿದೆ. ಆಗಸ್ಟಿನಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿದವು. ಅಪ್ಪಯ್ಯ ತಾಂಡೇಲ, ಬೋಟು ನಡೆಸುವವರು. ಅವರೂ ಹೋದರು.

ಫೆಬ್ರವರಿಯಲ್ಲಿ ಹೊಟ್ಟೆ ಉಬ್ಬಿ, ಬೋಟಿನಲ್ಲೇ ಮಲಗಿದವರನ್ನು ದಡಕ್ಕೆ ತಂದರು. ಕುಂದಾಪುರದ ಆಸ್ಪತ್ರೆ, ಸ್ಕ್ಯಾನ್, ಕೊಲೊನೋಸ್ಕೋಪಿ, ಬಯಾಪ್ಸಿ, ಆಪರೇಷನ್. ಹದಿನಾಲ್ಕು ದಿನ. ದೊಡ್ಡ ಕರುಳಿನ ಕ್ಯಾನ್ಸರ್, ಲಿಂಫ್ ನೋಡ್‌ಗಳಿಗೂ ಹೋಗಿದೆ, ಸ್ಟೇಜ್ ತ್ರೀ ಎಂದರು ಡಾಕ್ಟರ್.

"ಜುಲೈಯಲ್ಲಿ ನೆಗೆಟಿವ್ ಇತ್ತು ಸರ್. ನಾನೇ ಮಾಡಿದ್ದು."

"ಲಕ್ಷಣ ಇದ್ದಾಗ ಆ ಟೆಸ್ಟ್ ಸಾಲದಮ್ಮ. ನೆಗೆಟಿವ್ ಬಂದರೂ ತೋರಿಸಬೇಕಿತ್ತು."

ತಲೆ ತಗ್ಗಿಸಿದೆ. ಆ ತಪ್ಪು ನನ್ನದೇ. ಲ್ಯಾಬಿನವಳಾಗಿ ಕಾಗದವನ್ನು ನಂಬಿದೆ, ಕಣ್ಣೆದುರಿನ ಮನುಷ್ಯನನ್ನು ಬಿಟ್ಟೆ. ಹೊರಗೆ ಬಂದು ಕಾರಿಡಾರಿನಲ್ಲಿ ಅಮ್ಮನಿಗೆ ಅದನ್ನೇ ಹೇಳಿ ಅತ್ತೆ. ಅಮ್ಮ ಸೆರಗು ಹಿಂಡುತ್ತಾ ಕೂತಿದ್ದರು.

"ಅಳ್ಬೇಡ ಮಗಾ. ಡಬ್ಬಿಯೊಳ್ಗ್ ಇದ್ದದ್ದ್ ಅವ್ರದ್ದಲ್ಲ."

"ಮತ್ತೆ ಯಾರದ್ದ್?"

"ನಂದ್."

ಸೀಸನ್ನಿನಲ್ಲಿ ಮೊದಲ ಸಲ ಕಡಲಿಗಿಳಿಯುವಾಗ ತಾಂಡೇಲ ಇಲ್ಲದಿದ್ದರೆ ಜನ ಬೇರೆ ಬೋಟು ಹತ್ತುತ್ತಾರೆ. ಆ ವರ್ಷ ಚುಕ್ಕಾಣಿ ಮತ್ತೆ ಕೈಗೆ ಸಿಗುವುದಿಲ್ಲ. ರಿಪೋರ್ಟ್ ಕೆಟ್ಟದಾಗಿ ಬಂದರೆ ನಾನು ಅವರನ್ನು ದಡದಲ್ಲೇ ಕೂರಿಸುತ್ತೇನೆಂದು ಇಬ್ಬರಿಗೂ ಗೊತ್ತಿತ್ತು. ಅಪ್ಪಯ್ಯ ಕೇಳಿದರು, ಅಮ್ಮ ಕೊಟ್ಟರು. ಆ ಬೆಳಿಗ್ಗೆ ಇಬ್ಬರೂ ನನ್ನನ್ನು ಗೇಟಿನ ತನಕ ಬಂದು ಕಳಿಸಿದ್ದರು.

ಹನ್ನೊಂದು ದಿನ ಅಪ್ಪಯ್ಯನೊಡನೆ ಮಾತಾಡಲಿಲ್ಲ. ಡ್ರೆಸ್ಸಿಂಗ್ ಬದಲಿಸಿದೆ, ಗಂಜಿ ಕೊಟ್ಟೆ, ಮಾತಾಡಲಿಲ್ಲ. ಬೇರೆ ಯಾರಾದರೂ ಮೋಸ ಮಾಡಿದ್ದರೆ ಜಗಳವಾಡಬಹುದಿತ್ತು. ಇವರು ನನ್ನ ಕೆಲಸವನ್ನೇ, ನಾನು ಬರೆದ ಅಕ್ಷರವನ್ನೇ ಉಪಯೋಗಿಸಿ ನನ್ನನ್ನು ನಂಬಿಸಿದ್ದರು. ಹೋದ ಏಳು ತಿಂಗಳು ಎಷ್ಟು ಕಸಿದವೆಂದು ಡಾಕ್ಟರನ್ನು ಕೇಳಿದೆ. ಖಚಿತವಾಗಿ ಹೇಳಲಾರೆ ಎಂದರು.

"ಬೈದಾದ್ರೂ ಬಿಡ್ ಮಗಾ," ಎಂದರು ಅಪ್ಪಯ್ಯ ಹನ್ನೆರಡನೆಯ ದಿನ. "ಹೀಂಗ್ ಸುಮ್ನಿರ್ಬೇಡ."

ಬೈದೆ. ಕೇಳಿಸಿಕೊಂಡರು.

ಈಗ ಕೀಮೋ ನಡೆಯುತ್ತಿದೆ. ಕಳೆದ ಸೋಮವಾರ ಮೂರನೆಯ ಸುತ್ತಿನ ಇಂಜೆಕ್ಷನ್ನಿಗೆ ಎರಡು ದಿನ ಬಾಕಿ ಇತ್ತು. ಆ ಮದ್ದಿನಿಂದ ಅಪ್ಪಯ್ಯನಿಗೆ ಭೇದಿ ಎಷ್ಟು ಸಲ ಆಯಿತೆಂದು ಅಮ್ಮನನ್ನು ಕೇಳಿದೆ.

"ಎರಡೇ ಸಲ."

ಎರಡು ಎಂದು ಬರೆದೆ.

"ಸುಳ್ಳ್ ಬರೀಬೇಡ ಮಗಾ," ಒಳಗಿನಿಂದ ಅಪ್ಪಯ್ಯನ ದನಿ. "ಆರ್ ಸಲ ಆಯ್ತ್. ಹೇಳ್ರೆ ಇಂಜೆಕ್ಷನ್ ಮುಂದೆ ಹಾಕ್ತ್ರ್ ಅಂದೇಳಿ ಅವ್ಳಿಗ್ ಹೆದ್ರಿಕೆ."

ಅಮ್ಮ ಮುಖ ತಿರುಗಿಸಿದರು. ಅವರಿಬ್ಬರನ್ನೂ ಪೂರ್ತಿ ಕ್ಷಮಿಸಿದ್ದೇನೆಯೇ, ಗೊತ್ತಿಲ್ಲ. ಎರಡನ್ನು ಹೊಡೆದುಹಾಕಿ ಆರು ಎಂದು ಬರೆದೆ. ಆಸ್ಪತ್ರೆಗೆ ಫೋನ್ ಮಾಡಿ, ತಾವೇ ಹೇಳಲಿ ಎಂದು ಅಪ್ಪಯ್ಯನ ಕೈಗೇ ಕೊಟ್ಟೆ.