ಹನ್ನೆರಡನೇ ಮನೆಯ ಎಂಟಡಿ

“ನನ್ನ ಹೆಜ್ಜೆ ಅಂದ್ರೆ ಮೂರಡಿ. ಕೂದಲೆಳೆಯಷ್ಟು ಹೆಚ್ಚಿಲ್ಲ, ಕಮ್ಮಿಯಿಲ್ಲ. ಅನುಮಾನ ಇದ್ದೋರು ತಮ್ಮ ಟೇಪನ್ನ ನನ್ನ ಕಾಲಿಗೆ ಹಿಡಿದು ಸರಿಮಾಡ್ಕೊಳ್ಳಿ!”

ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಅಳತೆಯ ಸರಪಳಿ ಎಳೆದು ನಿವೃತ್ತರಾದ ದೇವರಾಜು ಈ ಮಾತನ್ನು ದಿನಕ್ಕೆ ಮೂರು ಸಲ, ಮಾತ್ರೆ ನುಂಗಿದಂತೆ ಊಟವಾದ ಮೇಲೆ ಹೇಳುತ್ತಿದ್ದರು. ಕುಟ್ಟದಲ್ಲಿ ಕಾಫಿ ತೋಟದ ಬೇಲಿಗಾಗಿ ಇಪ್ಪತ್ತು ವರ್ಷ ಮುಖ ನೋಡದಿದ್ದ ಅಣ್ಣತಮ್ಮಂದಿರು ಇವರು ನಡೆದ ಗೆರೆಯ ಮೇಲೆ ಕಲ್ಲು ನೆಟ್ಟು, ಅಂದೇ ಒಂದೇ ಎಲೆಯಲ್ಲಿ ಉಂಡರಂತೆ. ಮಾಕುಟ್ಟದ ಕಾಡಿನಲ್ಲಿ ಒಂಟಿ ಸಲಗ ಎದುರಾದಾಗ, “ಸ್ವಲ್ಪ ತಡಿಯಪ್ಪಾ, ಎಣಿಕೆ ತಪ್ಪೋಗುತ್ತೆ” ಎಂದರಂತೆ. ಅದು ಸೊಂಡಿಲು ಮಡಚಿಕೊಂಡು ನೂರಹದಿನಾಲ್ಕನೇ ಹೆಜ್ಜೆಯವರೆಗೂ ಕಾದಿತ್ತಂತೆ. ವಿಚಾರಿಸೋಣವೆಂದರೆ ಆ ಆನೆ ಕೇರಳಕ್ಕೆ ಹೋಗಿ ನೆಲೆಸಿದೆ.

ಕುಶಾಲನಗರದ ಹೊರಗಿನ ಆ ಸಣ್ಣ ಬಡಾವಣೆಯೂ ಇವರ ಕಾಲಿನಿಂದಲೇ ಹುಟ್ಟಿದ್ದು. ಇಪ್ಪತ್ತು ವರ್ಷದ ಹಿಂದೆ ಅರಕಲಗೂಡು, ಪಿರಿಯಾಪಟ್ಟಣದ ಕಡೆಯಿಂದ ಬಂದ ಹನ್ನೆರಡು ಕುಟುಂಬಗಳು ಸೇರಿ ಒಂದು ಹೊಲ ಕೊಂಡಿದ್ದವು. ಸೈಟು ಹಂಚುವ ದಿನ ಟೇಪು ತರುವವನು ಬರಲಿಲ್ಲ. ಮುಹೂರ್ತ ಮೀರುತ್ತಿತ್ತು. ದೇವರಾಜು ಪಂಚೆ ಎತ್ತಿ ಕಟ್ಟಿ, “ಟೇಪು ಯಾಕ್ರೀ?” ಎಂದು ಇಳಿದೇಬಿಟ್ಟರು. ಮನೆಗೆ ಹತ್ತು ಹೆಜ್ಜೆಯಂತೆ, ಅಂದರೆ ಮೂವತ್ತಡಿಯಂತೆ, ಸಾಲಾಗಿ ಹನ್ನೆರಡು ಸೈಟಿಗೆ ಕಲ್ಲು ನೆಡಿಸಿದರು. ಕೊನೆಯ ಸೈಟು ತಮಗೆ. ಅದರಾಚೆ ತಿರುವಿನವರೆಗೆ ಉಳಿದ ನಲವತ್ತಡಿ ಅಗಲದ ಜಾಗ ಎಲ್ಲರಿಗೂ ಸೇರಿದ್ದು, ಮುಂದೊಂದು ಒಳ್ಳೆಯ ಕೆಲಸಕ್ಕೆ.

ಆ ಒಳ್ಳೆಯ ಕೆಲಸ ಯಾವುದೆಂಬ ಚರ್ಚೆ ಈಚಿನ ಮೂರು ವರ್ಷದಿಂದ ನಡೆದಿತ್ತು. ಭಾನುವಾರಕ್ಕೊಂದು ಸಭೆ. ಅಲ್ಲಿ ಕುಡಿದು ಎಸೆದ ಕಾಗದದ ಲೋಟಗಳಿಂದಲೇ ಒಂದು ಮಹಡಿ ಎಬ್ಬಿಸಬಹುದಿತ್ತು. ಸಂಘದ ಅಧ್ಯಕ್ಷರಾದ ನಿವೃತ್ತ ಮೇಷ್ಟ್ರು ಶಿವಪ್ರಕಾಶ್ ಅವರಿಗೆ ಸಮುದಾಯ ಭವನ ಬೇಕು. ಟ್ಯಾಕ್ಸಿ ಇಟ್ಟಿದ್ದ ಕೀರ್ತಿಕುಮಾರನಿಗೆ ಟೂರಿಸ್ಟ್ ಕಾರುಗಳ ಪಾರ್ಕಿಂಗ್ ಬೇಕು. ಅಂಗನವಾಡಿ ಟೀಚರ್ ವನಜಮ್ಮ ಮಾತ್ರ ಕೂಗಾಡುತ್ತಿರಲಿಲ್ಲ. ಬಾಡಿಗೆಯ ತಗಡಿನ ಶೆಡ್ಡಿನಲ್ಲಿ ಇಪ್ಪತ್ತೆರಡು ಮಕ್ಕಳನ್ನು ಕೂರಿಸಿಕೊಂಡಿದ್ದವರು ಅವರು.

ಈ ವರ್ಷ ಅಂಗನವಾಡಿಗೆ ಕಟ್ಟಡ ಮಂಜೂರಾಯಿತು. ಮೂವತ್ತಾರಡಿ ಅಗಲದ ಜಾಗವಿದ್ದರೆ ಇಲ್ಲೇ. ಇಲ್ಲವಾದರೆ ಬೇರೆ ವಾರ್ಡಿಗೆ. ದೇವರಾಜು ಸಭೆಯಲ್ಲಿ ಎದ್ದು ನಿಂತರು.

“ಮೂವತ್ತಾರೇನು, ನಲವತ್ತೈತೆ! ನಾನೇ ಅಳ್ದಿರೋದು. ವನಜಮ್ಮಾರೇ, ಮಕ್ಕಳಿಗೆ ಲಾಡು ಹಂಚ್ಬುಡಿ.”

ವನಜಮ್ಮ ನಿಜವಾಗಿಯೂ ಲಾಡು ಹಂಚಿದರು.

ಅಳತೆಗೆ ಬಂದವಳು ಗಾನವಿ ಎಂಬ ಎಳೆಯ ಸರ್ವೇಯರ್. ಮೂರು ಕಾಲಿನ ಮೆಷಿನ್ ನಿಲ್ಲಿಸಿ ಒಂದು ಕಣ್ಣು ಮುಚ್ಚಿ ನೋಡಿದಳು. ಇನ್ನೊಮ್ಮೆ ನೋಡಿದಳು.

“ಸಾರ್, ಇಪ್ಪತ್ತೆಂಟಡಿ ಇದೆ.”

“ಅದಕ್ಕೆ ಮೂರು ಕಾಲಮ್ಮಾ, ತಡವರಿಸ್ತಾ ಇದೆ,” ಎಂದು ದೇವರಾಜು ನಕ್ಕರು. ಎಲ್ಲರೂ ನಕ್ಕರು. ಗಾನವಿ ನಗಲಿಲ್ಲ. ಸಾಲಿನ ಮೊದಲ ಕಲ್ಲಿನಿಂದ ಅಳೆದುಕೊಂಡು ಬಂದಳು. ಒಂದೊಂದು ಸೈಟೂ ಮೂವತ್ತೊಂದಡಿ. ಹನ್ನೆರಡು ಮನೆಗೆ ಹನ್ನೆರಡಡಿ, ಎಲ್ಲವೂ ಸಾಲು ಹಿಡಿದು ಬಂದು ಖಾಲಿ ಜಾಗವನ್ನೇ ತಿಂದಿತ್ತು.

“ಸಾರ್, ಬೇಜಾರಿಲ್ದಿದ್ರೆ ಒಂದು ಹತ್ತು ಹೆಜ್ಜೆ ನಡೀರಿ.”

ದೇವರಾಜು ನಡೆದರು. ಅರವತ್ತೆಂಟರ ಕಾಲು. ಇಪ್ಪತ್ತೇಳಡಿ ಬಂತು. ಮೇಷ್ಟ್ರು ಬಿಡಲಿಲ್ಲ. “ಹಂಗಲ್ಲ ದೇವರಾಜಣ್ಣ, ಅವತ್ತು ನಡೆದ್ರಲ್ಲ, ಮೈಸೂರು ಮಹಾರಾಜ್ರಂಗೆ, ಹಂಗೆ!”

ಯಾರೋ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕಿವಿಗೆ ಬಿದ್ದದ್ದೇ ತಡ, ಎದೆ ತಾನಾಗಿ ಉಬ್ಬಿತು, ಮೀಸೆ ಎದ್ದಿತು, ಕಾಲು ಅವರನ್ನು ಕೇಳದೆಯೇ ಮುಂದೆ ಹೋಯಿತು. ಹತ್ತನೇ ಹೆಜ್ಜೆಗೆ ಗಾನವಿ ಟೇಪು ನೋಡಿದಳು.

“ಮೂವತ್ತೊಂದು.”

ಬಡಾವಣೆ ನಕ್ಕ ನಗುವಿಗೆ ದೂರದ ಬಾಳೆಲೆ ಊರಿನ ಕಾಫಿ ಹೂವು ಉದುರಿರಬೇಕು. ದೇವರಾಜು ಮಾತ್ರ ಅಂಗೈಯಲ್ಲಿ ಮುಖ ಒರೆಸಿಕೊಂಡರು. ಅಂದು ಹನ್ನೆರಡು ಕುಟುಂಬ ಕಣ್ಣರಳಿಸಿ ನೋಡುತ್ತಿದ್ದಾಗ ತಾವು ಭೂಮಿ ಅಳೆದಿರಲಿಲ್ಲ, ಮೆರವಣಿಗೆ ಹೊರಟಿದ್ದರು. ಅದಕ್ಕಿಂತ ಚುಚ್ಚಿದ್ದು ಇನ್ನೊಂದು ನೆನಪು. ಮನೆಗೆ ಪಾಯ ತೆಗೆದಾಗ ಮೇಸ್ತ್ರಿ ಬಂದು, “ಅಣ್ಣ, ಒಂದಡಿ ಜಾಸ್ತಿ ಬರ್ತಾ ಐತೆ” ಎಂದಿದ್ದ. “ನಿನ್ ಟೇಪು ಎಳೆದೂ ಎಳೆದೂ ಸಡಿಲ ಆಗೈತೆ, ಹೋಗೋ” ಎಂದು ಇವರೇ ಗದರಿ ಕಳಿಸಿದ್ದರು. ಗೊತ್ತಿರಲಿಲ್ಲವೆಂದು ಹೇಳಿಕೊಳ್ಳುವ ಹಾಗೂ ಇರಲಿಲ್ಲ.

ಮೇಷ್ಟ್ರು ನಗುವಿನ ಭರದಲ್ಲಿ ಬಾಯಿ ಬಿಟ್ಟರು. “ನಮ್ಮ ಮೇಸ್ತ್ರಿ ಆವಾಗ್ಲೇ ಹೇಳಿದ್ದ ಕಣ್ರೀ, ಒಂದಡಿ ಹೆಚ್ಚೈತೆ ಅಂತ. ಅದಕ್ಕೇ ನಮ್ಮ ಜಗಲಿ ಅಷ್ಟು ಅಗಲ!” ಹೇಳಿದ ಮೇಲೆ ಅವರಿಗೇ ಕೆಮ್ಮು ಬಂತು. ಉಳಿದ ಹತ್ತು ಮನೆಯವರೂ ಇದ್ದಕ್ಕಿದ್ದಂತೆ ತಮ್ಮ ತಮ್ಮ ಚಪ್ಪಲಿ ನೋಡಿಕೊಳ್ಳತೊಡಗಿದರು.

ವನಜಮ್ಮ ಬೈದಿದ್ದರೆ ದೇವರಾಜು ತಡೆದುಕೊಳ್ಳುತ್ತಿದ್ದರೇನೋ. ಅವರು ಹತ್ತಿರ ಬಂದು ಮೆಲ್ಲಗೆ, “ಬಿಡಿ ಅಣ್ಣ, ಶೆಡ್ಡಿನಲ್ಲೇ ಇನ್ನೊಂದು ಮಳೆಗಾಲ ಕಳೀತೀವಿ. ಸೋರೋ ಕಡೆ ಬಕೆಟ್ ಇಡೋದು ಮಕ್ಕಳಿಗೂ ಅಭ್ಯಾಸ ಆಗಿದೆ,” ಎಂದರು.

ಮೂರು ದಿನ ದೇವರಾಜು ಮನೆಯಿಂದ ಹೊರಗೆ ಬರಲಿಲ್ಲ. ಬಚ್ಚಲಿಗೆ ಹೋಗಬೇಕಾದರೂ ಹೆಜ್ಜೆ ಸದ್ದಾಗದಂತೆ ಕಾಲೆಳೆದುಕೊಂಡು ಹೋದರು. ಊಟವಾದ ಮೇಲೆ ಮೂರಡಿ ಹೆಜ್ಜೆಯ ಮಾತೆತ್ತಲಿಲ್ಲ.

“ಆ ಮಾತು ಕೇಳ್ದೆ ನನಗೇ ಅನ್ನ ಇಳೀತಿಲ್ಲ,” ಎಂದರು ಹೆಂಡತಿ ಸಾಕಮ್ಮ. “ಎಷ್ಟಡಿ ಕಮ್ಮಿ ಬಿತ್ತಂತೆ?”

“ಎಂಟು.”

ಖಾಲಿ ಜಾಗದ ಕಡೆಗೆ ಅವರ ಮನೆಯ ಪಕ್ಕದಲ್ಲಿದ್ದದ್ದು ಸರಿಯಾಗಿ ಎಂಟಡಿ: ತಾಮ್ರದ ಹಂಡೆ ಹೂತ ಬಚ್ಚಲು ಮನೆ, ಸೌದೆ ಕೊಟ್ಟಿಗೆ, ಆಮೇಲೆ ಕಾಂಪೌಂಡು. ದೇವರಾಜು ಆ ಬಚ್ಚಲನ್ನು ತಮ್ಮ ಕೈಯಾರೆ ಕಟ್ಟಿದ್ದರು. ಅದರ ನೀರು ಮೈಗೆ ಬಿದ್ದರೆ ಹುಲಿಯೂ ಹಸುವಾಗುತ್ತದೆ ಎಂಬುದು ಅವರ ಇನ್ನೊಂದು ಮಾತು. ಸಾಕಮ್ಮ ಕಿಟಕಿಯಿಂದ ಅತ್ತ ನೋಡಿದರು. ಆಮೇಲೆ, “ಒಳಗಡೆ ಮೂಲೇಲಿ ಒಂದು ಗೀಸರ್ ಹಾಕ್ಸಿ,” ಎಂದರು.

ಮರುದಿನ ದೇವರಾಜು ಪುರಸಭೆಗೆ ಹೋಗಿ ಎಂಟಡಿ ಬಿಟ್ಟುಕೊಡುವುದಾಗಿ ಬರೆದುಕೊಟ್ಟರು. ಕಾರಣ ಎಂಬ ಕಡೆ ‘ನನ್ನ ತಪ್ಪು’ ಎಂದಷ್ಟೇ ಬರೆದು ಸಹಿ ಹಾಕಿದರು. ಗುಮಾಸ್ತ ಇನ್ನೂ ಸ್ವಲ್ಪ ವಿವರ ಬೇಕೆಂದ. ‘ಬಹಳ ದೊಡ್ಡ ತಪ್ಪು’ ಎಂದು ತಿದ್ದಿದರು.

ಶನಿವಾರ ಬೆಳಿಗ್ಗೆ ಹಾರೆ ಹಿಡಿದು ಕಾಂಪೌಂಡಿಗೆ ತಾವೇ ಮೊದಲ ಏಟು ಹಾಕಿದರು. ಬಡಾವಣೆಯೆಲ್ಲ ಬಂದು ನಿಂತಿತು. ವನಜಮ್ಮ ಸೆರಗು ಸಿಕ್ಕಿಸಿ ಇಟ್ಟಿಗೆ ಹೊರಲು ಬಂದರು. ಉಳಿದವರು ಕೈಕಟ್ಟಿ ನೋಡುತ್ತಿದ್ದರು. ದೇವರಾಜು ತಲೆಯೆತ್ತಲಿಲ್ಲ; ಬೆವರಿನ ನೆಪದಲ್ಲಿ ಕಣ್ಣನ್ನೂ ಒರೆಸಿಕೊಂಡರು.

ಶಿವಪ್ರಕಾಶ್ ಮೇಷ್ಟ್ರಿಗೆ ಇದನ್ನು ನೋಡಿ ತಡೆಯಲಾಗಲಿಲ್ಲ. ತಮ್ಮ ಅಗಲವಾದ ಜಗಲಿಯಿಂದ ಇಳಿದು ಬಂದು ಗಟ್ಟಿಯಾಗಿ ಕೇಳಿದರು: “ಏನ್ ದೇವರಾಜಣ್ಣ, ಇಪ್ಪತ್ತು ವರ್ಷ ಆದ್ಮೇಲೆ ನಾಚಿಕೆ ಆಯ್ತಾ?”

ದೇವರಾಜು ಹಾರೆಯನ್ನು ನೆಲಕ್ಕೆ ಊರಿ, ಅಳತೆಯಾದ ಮೇಲೆ ಮೊದಲ ಸಲ ನೆಟ್ಟಗೆ ನಿಂತರು.

“ಆಯ್ತು ಮೇಷ್ಟ್ರೇ. ನಿಮಗೂ ಆದ ದಿನ ಹೇಳಿಕಳ್ಸಿ, ಹಾರೆ ಕೊಟ್ಟು ಕಳಿಸ್ತೀನಿ.”