ಕಂಬಳಿ ಗದ್ದುಗೆಯ ಲ್ಯಾಪ್‌ಟಾಪು

ನಮ್ಮ ಕಡೆ ಗೌರವಕ್ಕೆ ಅರ್ಹವಾದ ಯಾವುದನ್ನೂ ಬರಿ ನೆಲದ ಮೇಲೆ ಇಡುವುದಿಲ್ಲ. ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಗದ್ದುಗೆ ಹಾಕಿ, ಅದರ ಮೇಲೆ ಕಳಶವನ್ನೋ ಹಿರಿಯರನ್ನೋ ಕೂರಿಸುತ್ತೇವೆ. ರಾಯದುರ್ಗದ ನನ್ನ ಮನೆಯಲ್ಲಿ ಲ್ಯಾಪ್‌ಟಾಪಿಗೂ ಇದೇ ಮರ್ಯಾದೆ ಸಂದಿತ್ತು. ಗುಮ್ಮಘಟ್ಟದಿಂದ ತಂದ ಕಂಬಳಿಯ ಮೇಲೆ ಅದು ಮೂರು ವರ್ಷ, ಹಗಲೂ ರಾತ್ರಿ ಚಾರ್ಜರಿನ ವೈರು ಧರಿಸಿಕೊಂಡೇ, ರಾಜ್ಯವಾಳಿತು.

ತಂಗಿಯ ಸಂದರ್ಶನಕ್ಕೆ ಮೂರು ದಿನ ಉಳಿದಾಗ ಅದರ ಹೊಟ್ಟೆ ಉಬ್ಬಿತು. ಮುಚ್ಚಳ ಹಾಕಿದರೆ ಕೂರುತ್ತಿರಲಿಲ್ಲ.

ತಂಗಿಯನ್ನು ಕೊಟ್ಟದ್ದು ಮಡಕಶಿರಾದ ಕಡೆ, ಗುಡಿಬಂಡೆ ಹತ್ತಿರದ ಹಳ್ಳಿಗೆ. ಅವಳು ಪಾಠ ಹೇಳುತ್ತಿದ್ದ ಖಾಸಗಿ ಶಾಲೆ ಮುಚ್ಚಿ ಎರಡು ವರ್ಷವಾಗಿತ್ತು. ಈಗ ತೆಲುಗು ಪಾಠಗಳನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಆನ್‌ಲೈನ್ ಸಂದರ್ಶನ. ಕಂಪ್ಯೂಟರ್ ಇರಲೇಬೇಕು, ನಡುವೆ ಸಂಪರ್ಕ ತಪ್ಪಿದರೆ ಮತ್ತೆ ಕರೆಯುವುದಿಲ್ಲ ಎಂದು ಮೊದಲೇ ತಿಳಿಸಿದ್ದರು. ಅವಳ ಬಳಿ ಕಂಪ್ಯೂಟರ್ ಇರಲಿಲ್ಲ, ನನ್ನದೇ ಒಯ್ಯಬೇಕಿತ್ತು. ಅವಳ ಊರಿನಲ್ಲಿ ಕರೆಂಟು ಹೇಳಿ ಹೋಗುವ ಪೈಕಿ ಅಲ್ಲ.

ರಿಪೇರಿಯವನು ಹಿಂಭಾಗದ ಸ್ಕ್ರೂ ಬಿಚ್ಚಿ ಒಳಗೆ ಬಗ್ಗಿ ನೋಡಿದ.

“ಇದನ್ನ ಎಲ್ಲಿ ಇಡ್ತೀರಿ ಸರ್?”

“ಕಂಬಳಿ ಮ್ಯಾಲೆ.”

“ಚಾರ್ಜಿಂಗ್ ತೆಗೆಯೋದು?”

“ಯಾಕ ತೆಗೀಬೇಕು?”

“ಮೂರೂ ಹೊತ್ತು ಉಣಿಸಿ ಕಂಬಳಿ ಮ್ಯಾಲೆ ಮಲಗಿಸಿದ್ರ ಹೊಟ್ಟಿ ಬರದೆ ಇರ್ತದೇನ್ರಿ? ಬ್ಯಾಟರಿ ಒತ್ತಬ್ಯಾಡ್ರಿ, ಕೈ ತೆಗೀರಿ. ಚುಚ್ಚಿದ್ರ ಬೆಂಕಿ ಹತ್ತತೈತಿ.”

ಹಳೆಯ ಬ್ಯಾಟರಿಯನ್ನು ಹೂವಿನಂತೆ ಎತ್ತಿ ಮರಳು ತುಂಬಿದ ಡಬ್ಬಿಯಲ್ಲಿಟ್ಟ. ಹೊಸದು ಮಾರನೆಯ ದಿನ ಬಂತು. ಹಾಕಿ ಕೊಡುವಾಗ ಉಪದೇಶವಾಯಿತು: ಚಾರ್ಜು ಎಂಬತ್ತಕ್ಕೆ ಬಂದರೆ ವೈರು ತೆಗೆಯಬೇಕು, ಇಪ್ಪತ್ತರ ಕೆಳಗೆ ಇಳಿಸಬಾರದು, ಕೆಳಗೆ ಗಟ್ಟಿ ಹಲಗೆ ಇರಬೇಕು. ನಾನು ವಿನಯದಿಂದ ತಲೆಯಾಡಿಸಿದೆ.

ಸಂದರ್ಶನದ ದಿನ ಬಸ್ಸಿನುದ್ದಕ್ಕೂ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಹೋದೆ.

“ಏನಣ್ಣ, ಮೊಟ್ಟೆ ತಂದಂಗೆ ತಂದಿದ್ದೀಯಾ?” ಎಂದಳು ತಂಗಿ. ನಗಲು ನೋಡಿದಳು, ಆಗಲಿಲ್ಲ.

ಒಳಗೆ ಮೇಜಿನ ಮೇಲೆ ಅವಳ ಅತ್ತೆ ತಮ್ಮ ಕಂಬಳಿಯನ್ನು ನಾಲ್ಕು ಮಡಿಕೆ ಹಾಸಿ, ಮೂಲೆಗೊಂದು ಹೂವಿಟ್ಟು ಕಾಯುತ್ತಿದ್ದರು.

“ಕಂಬಳಿ ಬ್ಯಾಡಮ್ಮ, ಹಲಗೆ ಸಾಕು,” ಎಂದೆ.

“ಸೊಸೆ ಕೆಲಸ ನಿಂತಿರೋದೇ ಇದರ ಮ್ಯಾಲೆ. ಬರೀ ಹಲಗೆ ಮ್ಯಾಲೆ ಕೂರಿಸ್ತಾರೇನಪ್ಪ?”

ಬೀಗರ ಮನೆಯಲ್ಲಿ ಎರಡನೆಯ ಸಲ ಬೇಡ ಅನ್ನುವ ಧೈರ್ಯ ನನ್ನ ಬಾಯಿಗೆ ಬರಲಿಲ್ಲ. ಲ್ಯಾಪ್‌ಟಾಪು ಮತ್ತೆ ಪಟ್ಟಕ್ಕೇರಿತು.

ಇಂಟರ್ನೆಟ್ಟು ಅವಳ ಫೋನಿನಿಂದ. ಸಂದರ್ಶನ ಆರಂಭವಾಗಿ ಹತ್ತು ನಿಮಿಷಕ್ಕೆ ಕರೆಂಟು ಹೋಯಿತು. ತಂಗಿ ಪರದೆಯಿಂದ ಕಣ್ಣು ತೆಗೆಯಲಿಲ್ಲ, ಒಂದು ತೆಲುಗು ಪಾಠವನ್ನು ಸಾಲುಸಾಲಾಗಿ ಕನ್ನಡದಲ್ಲಿ ಹೇಳುತ್ತಿದ್ದಳು. ಕ್ಯಾಮೆರಾಗೆ ಕಾಣದ ಹಾಗೆ ಗೋಡೆಗಂಟಿ ನಿಂತ ನನಗೆ ಪರದೆಯ ಮೂಲೆಯ ಬ್ಯಾಟರಿ ಅಂಕಿ ಒಂದೇ ಕಾಣುತ್ತಿತ್ತು. ಎಪ್ಪತ್ತೊಂದು. ಅರವತ್ತು. ಲ್ಯಾಪ್‌ಟಾಪಿನ ಒಳಗಿನ ಫ್ಯಾನು ಕೂಗತೊಡಗಿತು. ನಲವತ್ತಾರು. ಇನ್ನೂ ಅರ್ಧ ಗಂಟೆ ಬಾಕಿ.

ಅತ್ತೆ ನನ್ನ ತೋಳು ಹಿಡಿದು ಪಿಸುಗುಟ್ಟಿದರು. “ಯಾಕಪ್ಪ, ಅದಕ್ಕೆ ಉಬ್ಬಸ ಹತ್ತಿದಂಗೈತೆ?”

“ಕಂಬಳಿ ಸೆಕೆ ಅಮ್ಮ. ಉಸಿರು ಕಟ್ಟೈತಿ.”

ಅವರು ನನ್ನ ಮುಖ ನೋಡಿದರು. ಕಾರಣ ಮೊದಲೇ ಹೇಳಬಾರದಾಗಿತ್ತಾ ಅನ್ನುವ ನೋಟ. ಅಡುಗೆಮನೆಗೆ ಹೋಗಿ ಚಪಾತಿ ಮಣೆ ತಂದರು. ನಾನು ಮೇಜಿನ ಪಕ್ಕ ಮಂಡಿಯೂರಿ ಲ್ಯಾಪ್‌ಟಾಪಿನ ಎರಡು ಮೂಲೆ ಹಿಡಿದು ಎತ್ತಿದೆ. ತಳ ದೋಸೆ ಹಂಚಿನಂತೆ ಸುಡುತ್ತಿತ್ತು. ಅತ್ತೆ ಕಂಬಳಿ ಎಳೆದು ಮಣೆ ತಳ್ಳಿದರು. ಪರದೆ ಓಲಾಡಿತು.

“ಏನಮ್ಮಾ, ಮನೆ ಅಲುಗಾಡುತ್ತಿದೆಯಲ್ಲ?” ಎಂದರು ಆ ಕಡೆಯವರು.

ತಂಗಿ ಪರದೆಯ ಅಂಚನ್ನು ಒಂದು ಕೈಯಲ್ಲಿ ಹಿಡಿದು ನಿಲ್ಲಿಸಿದಳು.

“ಇಲ್ಲ ಸರ್. ಗದ್ದುಗೆ ಬದಲಾಗ್ತಾ ಇದೆ,” ಎಂದು ಬಿಟ್ಟ ಸಾಲಿಗೆ ಮರಳಿದಳು.

ಫ್ಯಾನು ಮೆಲ್ಲಗೆ ತಣ್ಣಗಾಯಿತು. ಅಂಕಿ ಇಳಿಯುವುದೂ ನಿಧಾನವಾಯಿತು. ಧನ್ಯವಾದ ಹೇಳಿ ಅವರು ಹೋದಾಗ ಹನ್ನೊಂದು ಉಳಿದಿತ್ತು.

ತಂಗಿಗೆ ಕೆಲಸ ಸಿಕ್ಕಿತೆಂದು ಎರಡು ವಾರದ ಮೇಲೆ ಫೋನು ಬಂತು. ಲ್ಯಾಪ್‌ಟಾಪನ್ನು ನಾನು ಅಲ್ಲೇ ಬಿಟ್ಟು ಬಂದಿದ್ದೆ. ಅದೀಗ ಚಪಾತಿ ಮಣೆಯ ಮೇಲೆ ದುಡಿಯುತ್ತದಂತೆ, ಎಂಬತ್ತು ತಲುಪಿದರೆ ಅತ್ತೆಯೇ ವೈರು ಕೀಳುತ್ತಾರಂತೆ. ಆ ಮನೆಯವರು ಈಗ ಚಪಾತಿ ಯಾವುದರ ಮೇಲೆ ಲಟ್ಟಿಸುತ್ತಾರೆಂದು ನಾನು ಕೇಳಲಿಲ್ಲ.