ಗಾಜಿನ ಎಳೆ ಮತ್ತು ಮಹಬೂಬ್ ಚಾಚಾರ ಡಬ್ಬಿ

ಗೆಳೆಯರೇ, ಇವತ್ತು ನನ್ನ ಎಂಜಿನಿಯರ್ ಕೆಲಸವನ್ನು ಮಹಬೂಬ್ ಚಾಚಾ ಕಿತ್ತುಕೊಂಡರು.

ಸೇಡಂ ರಸ್ತೆಯ ಆಸ್ಪತ್ರೆಯೊಂದರಲ್ಲಿ ಫೈಬರ್ ಕೇಬಲ್ ಎಳೆಸುತ್ತಿದ್ದೇನೆ. ಕೆಳಗೆ ತೆಗೆದ ಎಕ್ಸ್‌ರೇ ನಾಳೆಯಿಂದ ಮೂರನೇ ಮಹಡಿಯ ಡಾಕ್ಟರ ಕಂಪ್ಯೂಟರಿನಲ್ಲಿ ಕಾಣಬೇಕು. ಕೇಬಲ್ ಎಳೆಯಲು ಬಂದ ಕಮಲಾಪುರದ ಚಾಚಾ ಮೂವತ್ತು ವರ್ಷದಿಂದ ಕರೆಂಟ್ ವೈರಿಂಗ್ ಮಾಡುತ್ತ ಬಂದವರು; ಫೈಬರ್ ಅವರಿಗೆ ಹೊಸದು. ನಾನು ಊಟ ಮುಗಿಸಿ ಬರುವಷ್ಟರಲ್ಲಿ ಕೇಬಲ್ಲನ್ನು ಪ್ರತಿ ಮೂಲೆಯಲ್ಲೂ ಚೂಪಾಗಿ ಮಡಚಿ, ಗೋಡೆಗೆ ಒತ್ತಿ ಕ್ಲಿಪ್ ಹೊಡೆದಿದ್ದರು.

“ಚಾಚಾ, ಇದು ಗಾಜಿನ ಎಳಿ. ಹಿಂಗ ಮಡಚಿದ್ರ ಬೆಳಕು ಮುಂದ ಹೋಗಂಗಿಲ್ರೀ.”

“ಮೂವತ್ತು ವರ್ಷದಾಗ ನನ್ನ ಮೂಲಿ ಸರಿಯಿಲ್ಲ ಅಂತ ಯಾರೂ ಅಂದಿಲ್ಲ ಬೇಟಾ.”

ವಾದ ಬಿಟ್ಟು, ಕೇಬಲ್ಲಿನ ಒಂದು ತುದಿಗೆ ಪರೀಕ್ಷೆಯ ಕೆಂಪು ದೀಪ ಸಿಕ್ಕಿಸಿದೆ. ಇನ್ನೊಂದು ತುದಿ ಕತ್ತಲು. ಮೊದಲ ಮೂಲೆ ಮಾತ್ರ ಕೆಂಡದಂತೆ ಹೊಳೆಯಿತು. ಬೆಳಕೆಲ್ಲ ಅಲ್ಲೇ ಸೋರುತ್ತಿತ್ತು. ಚಾಚಾ ಅದನ್ನು ಬೆರಳಿಂದ ಮುಟ್ಟಿ ನೋಡಿ, ಕ್ಲಿಪ್‌ಗಳನ್ನೆಲ್ಲ ಕಿತ್ತರು. ತಮ್ಮ ದುಂಡನೆಯ ಊಟದ ಡಬ್ಬಿಯನ್ನು ಒಂದೊಂದು ಮೂಲೆಗೂ ಹಿಡಿದು, ಅದರ ಅಂಚಿನಂತೆ ಕೇಬಲ್ ಬಾಗಿಸಿ ಹೊಡೆದರು. ಪುಣ್ಯಕ್ಕೆ ಎಳೆ ಮುರಿದಿರಲಿಲ್ಲ. ಸಂಜೆಗೆ ಬೆಳಕು ಮೂರನೇ ಮಹಡಿ ಮುಟ್ಟಿತು.

ಆಗ ಆಸ್ಪತ್ರೆಯ ಮ್ಯಾನೇಜರ್ ಬಂದರು. “ಮೂಲಿಯೊಳಗ ಹಿಂಗ ಸೊಟ್ಟ ಯಾಕ ಹಾಕೀರಿ?”

ನಾನು ಬಾಯಿ ತೆರೆಯುವ ಮೊದಲೇ ಚಾಚಾ ಹೇಳಿದರು: “ಸಾಹೇಬ್ರ, ಇದರಾಗ ಹೋಗೋದು ಬೆಳಕು. ಅದಕ್ಕ ತಿರುಗಾಕ ಜಾಗ ಬೇಕು. ಇದು ಹೊಸಬರಿಗೆ ಲಗೂನ ತಿಳಿಯಂಗಿಲ್ಲ.”

ನಾಳೆ ಜಗತ್ ಸರ್ಕಲ್ಲಿನ ಕಟ್ಟಡದಲ್ಲಿ ಕೆಲಸ. ಡಬ್ಬಿ ಹಿಡಿಯಲು ನಾನು ಬಂದರೆ ಸಾಕು ಅಂದಿದ್ದಾರೆ ಚಾಚಾ.